ಎಡಗಡೆಯ ಗೋಪುರ

ಡಗಡಗಡಗಡಗ ಎಂದು ಒಂದೇ ಉಸಿರಿಗೆ ಬಡಿತ, ಆಮೇಲೆ ಚೂರು ಮೌನ, ಆಮೇಲೆ ಟಕ್, ಟಕ್, ಟಕ್ ಎಂದು ಯಾರೋ ಕಬ್ಬಿಣದ ಬಾಗಿಲನ್ನು ಬೆರಳ ಗೆಣ್ಣಿನಲ್ಲಿ ತಟ್ಟಿದ ಹಾಗೆ. ಮತ್ತೆ ಡಗಡಗಡಗ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಎಂಆರ್‌ಐ ಕೋಣೆಯ ಹೊರಗೆ, ಇನ್ನೊಬ್ಬಳ ಬಳೆಗಳನ್ನು ಮಡಿಲಲ್ಲಿಟ್ಟುಕೊಂಡು ನಾನು ಆ ಸದ್ದು ಕೇಳುತ್ತ ಕೂತಿದ್ದೆ. ದಪ್ಪ ಬಾಗಿಲನ್ನೂ ದಾಟಿ ಅದು ಕುರ್ಚಿಯ ಕಾಲುಗಳಿಗೆ ಇಳಿಯುತ್ತಿತ್ತು, ಅಲ್ಲಿಂದ ನನ್ನ ಮಂಡಿಗೆ.

ಹೋದ ವಾರ ನಮ್ಮ ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಪೈಪು ಹಾಕುವವರು ಕಾಂಕ್ರೀಟು ಒಡೆಯುವ ಮಷೀನು ತಂದರು. ಅದೇ ಡಗಡಗ. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡು ಕಾರ್ಪೊರೇಷನ್ನನ್ನು ಬೈದರು. ನಾನು ಮುಚ್ಚಲಿಲ್ಲ. ಗ್ಯಾಸ್ ಮೇಲೆ ಹಾಲಿಟ್ಟಿದ್ದು ಮರೆತು, ಅದು ಉಕ್ಕಿ ಸೀದ ವಾಸನೆ ಬರುವವರೆಗೂ ಗೇಟಿನ ಹತ್ತಿರ ನಿಂತೇ ಇದ್ದೆ. ಹತ್ತು ವರ್ಷದ ಹಿಂದಿನ ಆ ಮಳೆಗಾಲ, ಆ ಆಷಾಢದಿಂದ ಧನುರ್ಮಾಸದವರೆಗಿನ ದಿನಗಳು, ರಸ್ತೆಯ ಧೂಳಿನ ಜೊತೆ ಎದ್ದು ಮನೆಯೊಳಗೆ ಬಂದವು.

ಗಿರಿಜಾ ನನ್ನ ಓರಗಿತ್ತಿ, ನನ್ನ ಗಂಡನ ತಮ್ಮ ನಾಗರಾಜನ ಹೆಂಡತಿ. ನಾವಿಬ್ಬರೂ ಸೊಸೆಯರಾಗಿ ಬಂದದ್ದು ಈ ಒಂದೇ ಮನೆಗೆ, ಎರಡು ವರ್ಷದ ಅಂತರದಲ್ಲಿ. ನಾನು ಕಂಟೋನ್ಮೆಂಟ್ ಕಡೆಯ ಕಾನ್ವೆಂಟಿನಲ್ಲಿ ಓದಿದವಳು. ನಮ್ಮಪ್ಪನಿಗೆ ಆ ಶೋಕಿ ಇತ್ತು. ಅವಳು ಚಾಮರಾಜಪೇಟೆಯ ಹುಡುಗಿ, ಹೊಟ್ಟೆಯಲ್ಲಿದ್ದಾಗಲೇ ಸಂಗೀತ ಕೇಳಿದವಳು. ನಮ್ಮ ಮನೆಯ ಮುಂದಿನ ಹಾಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ನಲವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೂ ನಾವು ಜಗಳವಾಡಿದ್ದು ಬಹಳ ಕಡಿಮೆ. ಅದಕ್ಕೆ ಕಾರಣ ಒಳ್ಳೆಯತನವಲ್ಲ. ಅವಳಿಗೆ ಹುಳಿಗೆ ಬೆಲ್ಲ ಬೇಕು, ನನಗೆ ಬೇಡ. ಮೊದಲ ವರ್ಷವೇ ಎರಡು ಪಾತ್ರೆ ಇಟ್ಟುಬಿಟ್ಟೆವು. ನನ್ನ ಗಂಡ ತೀರಿಕೊಂಡ ಮೇಲೂ ಆ ಎರಡು ಪಾತ್ರೆ ಹಾಗೇ ಮುಂದುವರಿದವು.

ಆ ಮಳೆಗಾಲಕ್ಕೆ ಹಿಂದಿನ ವರ್ಷದ ಬೇಸಿಗೆಯಲ್ಲಿ ಅವಳ ತಲೆಯ ಎಡಭಾಗದಿಂದ ಒಂದು ಗಡ್ಡೆ ತೆಗೆದಿದ್ದರು. ಗ್ಲಯೋಮಾ. ಆ ಹೆಸರು ಕೇಳಿದಾಗ, ಫ್ರಾಂಕ್ಲಿ, ಯಾವುದೋ ಹೂವಿನ ಹೆಸರಿನ ಹಾಗಿದೆಯಲ್ಲ ಅನ್ನಿಸಿತ್ತು ನನಗೆ. ಆಮೇಲೆ ವಾರಗಟ್ಟಲೆ ರೇಡಿಯೇಷನ್. ಕೂದಲು ಅರ್ಧ ಹೋಗಿ ಅರ್ಧ ಬಂತು. ಆ ಚಳಿಗಾಲಕ್ಕೆ ಅವಳು ಮತ್ತೆ ಪಾಠಕ್ಕೆ ಕೂತಿದ್ದಳು, ತಲೆಗೊಂದು ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡು. ಮಕ್ಕಳು ನಗಬಾರದೆಂದು ತಾನೇ ಮೊದಲು ಹೇಳಿಬಿಡುತ್ತಿದ್ದಳು: "ನಂಗೆ ಹೇರ್‌ಕಟ್ ಮಾಡ್ದೋನು ಬರೀ ಅರ್ಧ ದುಡ್ಡು ತಗೊಂಡ ಕಣ್ರೋ."

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಸಂಜೆ ನಾನು ಬಾಗಿಲ ಹತ್ತಿರ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಅವಳು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಅಂಗೈ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಆ ಎಣಿಕೆಯನ್ನು ನಾನು ನಲವತ್ತು ವರ್ಷ ನೋಡಿದ್ದೇನೆ, ನೋಡುತ್ತಿದ್ದೇನೆ ಅನ್ನುವುದೂ ಮರೆತಿರುವಷ್ಟು. ಆ ದಿನ ಉಂಗುರ ಬೆರಳು ಮೇಲೇಳಲಿಲ್ಲ. ಕಿರುಬೆರಳಾದ ಮೇಲೆ ಕೈ ಕ್ಷಣ ತಡೆದು ನಡುಬೆರಳಿಗೆ ಹಾರಿತು. ಅವಳು ಹಾಡುತ್ತಲೇ ಇದ್ದಳು, ಲಯ ತಪ್ಪಲಿಲ್ಲ. ಆದರೆ ಕಣ್ಣು ಮಾತ್ರ ಬೆರಳಿನ ಮೇಲೆ ನಿಂತಿತ್ತು. ಮಕ್ಕಳು ಹೋದ ಮೇಲೆ ನನ್ನ ಮುಂದೆ ಕೈ ಚಾಚಿದಳು.

"ಅಕ್ಕ, ಇದು ಮಾತು ಕೇಳ್ತಿಲ್ಲ ನೋಡು."

"ಚಳಿಗೆ ಮರಗಟ್ಟಿರ್ಬೇಕು ಕಣೆ."

"ಚಳಿ ಎಲ್ಲಾ ಬೆರಳಿಗೂ ಆಗಲ್ವಾ?"

ಮಾರನೆಯ ದಿನವೇ ಸ್ಕ್ಯಾನ್. ಚಿತ್ರದಲ್ಲಿ ಹಳೆಯ ಗಾಯದ ಅಂಚಿನಲ್ಲಿ ಒಂದು ಬಿಳಿ ಮಚ್ಚೆ. ಗಡ್ಡೆ ಮತ್ತೆ ಬಂದಿರಬಹುದು, ಅಥವಾ ರೇಡಿಯೇಷನ್ನಿಗೆ ಸುಟ್ಟು ಸತ್ತ ಭಾಗವೂ ಇರಬಹುದು. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ ಎಂದರು ಸರ್ಜನ್. ಸತ್ತ ಭಾಗವಾದರೆ ಮಾತ್ರೆಯಲ್ಲೇ ಇಳಿಯುತ್ತದೆ. ಗಡ್ಡೆಯಾದರೆ ಮತ್ತೆ ತಲೆ ತೆರೆಯಬೇಕು, ಅದೂ ಮಾತಿನ ಜಾಗದ ಮಗ್ಗುಲಲ್ಲೇ. ತೆರೆದರೆ ಸ್ವಲ್ಪ ಕಾಲ ಸಿಗಬಹುದು, ಆದರೆ ಮಾತು ಹೋಗುವ ಸಂಭವವೇ ಹೆಚ್ಚು. ಅದಕ್ಕೇ ಕತ್ತರಿಸುವ ಮೊದಲು ಅಲ್ಲಿರುವುದು ಏನೆಂದು ತಿಳಿಯಬೇಕು, ಎಂಆರ್ ಸ್ಪೆಕ್ಟ್ರೋಸ್ಕೋಪಿ ಮಾಡಿಸಿ ಎಂದರು.

ಇದನ್ನೆಲ್ಲ ಮನೆಗೆ ಬಂದು ಹೇಳುವ ಕೆಲಸ ನನ್ನದು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಪ್ರೆಸಿ ರೈಟಿಂಗ್ ಅಂತ ಕಲಿಸುತ್ತಿದ್ದರು, ಒಂದು ಪುಟವನ್ನು ಅರ್ಥ ಕೆಡದಂತೆ ನಾಲ್ಕು ಸಾಲಿಗೆ ಇಳಿಸುವುದು. ಈ ಮನೆಗೆ ಬಂದ ಮೇಲೆ ನನ್ನ ಇಂಗ್ಲಿಷ್ ಉಪಯೋಗಕ್ಕೆ ಬಂದದ್ದು ಅಷ್ಟಕ್ಕೇ. ಲಾಯರ್, ಬ್ಯಾಂಕ್ ಮ್ಯಾನೇಜರ್, ಡಾಕ್ಟರ್, ಯಾರು ಏನು ಹೇಳಿದರೂ ಹೊರಗೆ ಬಂದ ಮೇಲೆ ಎಲ್ಲರ ಮುಖಗಳೂ ನನ್ನ ಕಡೆ ತಿರುಗುತ್ತಿದ್ದವು. "ಅತ್ತಿಗೆ, ಪ್ರೆಸಿ ಮಾಡಿ ಹೇಳಿ," ಅನ್ನುತ್ತಿದ್ದ ನಾಗರಾಜ. ಅವನಿಗೆ ಇಂಗ್ಲಿಷ್ ಬರದೆ ಏನಲ್ಲ. ಕೆಟ್ಟ ಸುದ್ದಿ ಇನ್ನೊಬ್ಬರ ಬಾಯಿಂದ ಬರಲಿ ಎಂದಷ್ಟೆ.

ಸ್ಪೆಕ್ಟ್ರೋಸ್ಕೋಪಿಯ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಶ್ರೀರಾಂಪುರದವಳು. ಅವಳು ನನ್ನನ್ನು ಬಿಟ್ಟು ನೇರವಾಗಿ ಗಿರಿಜಾಳ ಹತ್ತಿರವೇ ಮಾತಾಡಿದಳು. ಅದು ನನಗೆ ಸ್ವಲ್ಪ ಬೇಜಾರೂ ಆಯಿತು, ಸಮಾಧಾನವೂ ಆಯಿತು.

"ಆಂಟಿ, ಸ್ಕ್ಯಾನ್ ಅಂದ್ರೆ ಹೊರಗಿಂದ ಮನೆ ಫೋಟೋ ತೆಗೆದ ಹಾಗೆ. ಇದು ಒಳಗಡೆ ಏನು ಅಡುಗೆ ಆಗ್ತಿದೆ ಅಂತ ವಾಸನೆ ಹಿಡಿಯೋದು. ಮಷೀನ್ ಅದೇ, ಅಯಸ್ಕಾಂತಾನೂ ಅದೇ. ಆ ಮಚ್ಚೆ ಮೇಲೆ ಒಂದು ಪುಟ್ಟ ಚೌಕ ಇಟ್ಟು, ಅದರೊಳಗಿರೋ ಕೆಮಿಕಲ್ಸ್ ಮಾತ್ರ ಕೇಳಿಸ್ಕೋತೀವಿ."

"ಕೇಳಿಸ್ಕೋತೀರಾ? ಅವು ಮಾತಾಡ್ತವಾ?"

"ಒಂದೊಂದರದ್ದೂ ಒಂದೊಂದು ಶ್ರುತಿ ಅಂದ್ಕೊಳಿ."

ಗಿರಿಜಾ ತಕ್ಷಣ ನೆಟ್ಟಗೆ ಕೂತಳು. ಡಾಕ್ಟರ್ ಒಂದು ಕಾಗದ ತೆಗೆದುಕೊಂಡು ಎರಡು ಗೆರೆ ಎಳೆದಳು, ದೇವಸ್ಥಾನದ ಗೋಪುರಗಳ ಸಾಲಿನ ಹಾಗೆ ಏರಿಳಿಯುವ ಗೆರೆಗಳು. ಆರೋಗ್ಯವಾದ ಮಿದುಳಿನಲ್ಲಿ ಬಲಗಡೆಯ ಗೋಪುರ ಎತ್ತರ. ಜೀವಂತ ನರಕೋಶಗಳಿದ್ದರೆ ಅದು ಏಳುತ್ತದೆ. ಎಡಗಡೆಯದು ಕೋಲೀನ್ ಎಂಬುದರದ್ದು. ಜೀವಕೋಶಗಳು ಗಡಿಬಿಡಿಯಲ್ಲಿ ಹೊಸ ಗೋಡೆ ಕಟ್ಟಿಕೊಳ್ಳುವಾಗ ಅದು ಏಳುತ್ತದೆ. ಗಡ್ಡೆಗಿಂತ ಗಡಿಬಿಡಿ ಯಾರಿಗೂ ಇಲ್ಲ. ಬರೀ ಸುಟ್ಟ ಗಾಯವಾದರೆ ಎಡಗಡೆಯದು ತಲೆ ಎತ್ತುವುದಿಲ್ಲ, ಎಲ್ಲವೂ ಕುಸಿದಿರುತ್ತವೆ.

"ಅಂದ್ರೆ ಎಡ ಎತ್ತರ ಇದ್ರೆ ಕೆಟ್ಟದ್ದು," ಎಂದಳು ಗಿರಿಜಾ.

"ಹೌದು ಆಂಟಿ."

"ಮೊದಲ್ನೇ ಆಪರೇಷನ್‌ನಲ್ಲಿ ತೆಗೆದ್ರಲ್ಲ, ಅದು ಏನಾಯ್ತು? ಬಿಸಾಕಿದ್ರಾ?"

ಇಲ್ಲವಂತೆ. ಅವರೆಕಾಳಿನಷ್ಟು ಒಂದು ತುಂಡನ್ನು ರಿಸರ್ಚಿಗೆಂದು ತೆಗೆದಿಟ್ಟಿದ್ದಾರಂತೆ. ಅದನ್ನು ಸಣ್ಣ ಕೊಳವೆಯಲ್ಲಿ ತುಂಬಿ, ಇನ್ನೊಂದು ಅಯಸ್ಕಾಂತದೊಳಗೆ ಬುಗುರಿಯ ಹಾಗೆ ತಿರುಗಿಸಿ ಅದರ ಗೋಪುರಗಳನ್ನೂ ಬರೆದುಕೊಂಡಿದ್ದಾರಂತೆ. ಉಳಿದದ್ದು ಫ್ರೀಜರಿನಲ್ಲಿ ಇನ್ನೂ ಇದೆಯಂತೆ. ಈಗಿನದನ್ನು ಅದರ ಪಕ್ಕ ಇಟ್ಟು ನೋಡುತ್ತೇವೆ ಎಂದಳು ಡಾಕ್ಟರ್.

"ಒಳ್ಳೇದಾಯ್ತು ಬಿಡು ಅಕ್ಕ," ಎಂದು ಗಿರಿಜಾ ನನ್ನ ಕಡೆ ತಿರುಗಿದಳು. "ಇಲ್ಲಿರೋದು ಕೆಟ್ಟುಹೋದ್ರೂ ಅಲ್ಲಿ ಫ್ರಿಡ್ಜಲ್ಲಿ ಸ್ವಲ್ಪ ಫ್ರೆಶ್ ಆಗಿರ್ತೀನಿ." ಡಾಕ್ಟರ್ ನಗಬೇಕೋ ಬೇಡವೋ ತಿಳಿಯದೆ ಪೆನ್ನಿನ ಮುಚ್ಚಳ ಹುಡುಕಿದಳು.

ಲೋಹದ್ದೆಲ್ಲ ತೆಗೆಯಬೇಕು ಎಂದರು. ಬಳೆ, ಕಾಲುಂಗುರ, ಮೂಗುಬೊಟ್ಟು. ಮಾಂಗಲ್ಯ ತೆಗೆಯುವ ಮೊದಲು ಕಟ್ಟಿಕೊಳ್ಳಲೆಂದು ಅರಿಶಿನದ ಕೊಂಬಿನ ದಾರವನ್ನು ಮನೆಯಿಂದಲೇ ತಂದಿದ್ದಳು. ತಲೆಗೆ ಪಂಜರದಂಥದ್ದು ಹಾಕಿ, ಕಿವಿಗೆ ಹತ್ತಿ ತುರುಕಿ, ಮಿಸುಕಾಡಬೇಡಿ ಎಂದು ಮೂರು ಮೂರು ಸಲ ಹೇಳಿ ಒಳಗೆ ಕಳಿಸಿದರು. ನಾನು ಹೊರಗೆ ಕೂತು ಆ ಡಗಡಗವನ್ನು ಕೇಳಿದೆ.

ಬಾಗಿಲು ತೆರೆದಾಗ ಡಾಕ್ಟರ ಮುಖ ಸಪ್ಪಗಿತ್ತು. ಗೆರೆಗಳು ಕಲಸಿಹೋಗಿವೆ, ಒಂದು ಗೋಪುರವೂ ನೆಟ್ಟಗೆ ನಿಂತಿಲ್ಲ. "ಆಂಟಿ, ತಲೆ ಅಲ್ಲಾಡ್ಸಿದ್ರಾ?"

"ಇಲ್ಲಮ್ಮ, ಕಲ್ಲಿನ ಹಾಗೆ ಮಲಗಿದ್ದೆ."

"ಏನಾದ್ರೂ ಗುನುಗ್ತಿದ್ರಾ?"

ಗಿರಿಜಾ ಸಿಕ್ಕಿಬಿದ್ದ ವಿದ್ಯಾರ್ಥಿಯ ಹಾಗೆ ಹೇಳಿದಳು: "ಗುನುಗ್ಲಿಲ್ಲ. ಆದ್ರೆ ಆ ಮಷೀನು ಸುಮಾರಾಗಿ ಚಾಪು ತಾಳದಲ್ಲಿ ಬಡೀತಾ ಇತ್ತು. ಮಧ್ಯದಲ್ಲಿ ಒಂದ್ಕಡೆ ತಪ್ತು. ತಪ್ಪಿದ್ದಕ್ಕೆ ನಾನು ಸರಿ ಮಾಡ್ತಾ ಹೋದೆ."

"ಯಾವುದರಲ್ಲಿ ಸರಿ ಮಾಡಿದ್ರಿ?"

"ಕೈ ಆಡ್ಸೋ ಹಾಗಿರ್ಲಿಲ್ಲವಲ್ಲ. ಗದ್ದದಲ್ಲಿ."

ಅಷ್ಟು ಸಾಕಿತ್ತು. ಹಲ್ಲು ಕಚ್ಚಿ ಬಿಟ್ಟ ಹಾಗೆ, ಕೂದಲೆಳೆಯಷ್ಟು, ಒಳಗಿದ್ದಷ್ಟು ಹೊತ್ತೂ. ಆ ಮಷೀನು ವಾರದಲ್ಲಿ ಒಂದೇ ಬೆಳಿಗ್ಗೆ ಈ ಕೆಲಸಕ್ಕೆ ಸಿಗುತ್ತಿತ್ತು, ಮುಂದಿನ ಬೆಳಿಗ್ಗೆಗಳನ್ನು ಬೇರೆಯವರಿಗೆ ಕೊಟ್ಟಾಗಿತ್ತು. ನಮಗೆ ಸಿಕ್ಕಿದ್ದು ಗಣೇಶನ ಹಬ್ಬ ಕಳೆದ ಮೇಲೆ.

ಆ ನಡುವಿನ ದಿನಗಳಲ್ಲಿ ನಾಗರಾಜ "ಏನೂ ಕಾಣ್ಲಿಲ್ಲವಂತೆ" ಎಂದು ಎಲ್ಲರಿಗೂ ಹೇಳಿದ. ಅದು ಸುಳ್ಳೂ ಅಲ್ಲ. ಕೇಳಿದವರು ಏನೂ ಇಲ್ಲವಂತೆ ಎಂದು ತಿಳಿದುಕೊಂಡರು. ಗೌರಿ ಹಬ್ಬದ ದಿನ ವೈಯಾಲಿಕಾವಲ್‌ನಿಂದ ಗಿರಿಜಾಳ ಮಗಳು ಸುಧಾ ಬಂದಳು, ಗಾಂಧಿನಗರದ ನೆಂಟರು ಬಂದರು, ಕೋಸಂಬರಿ ತಿಂದು, "ದೇವ್ರು ದೊಡ್ಡೋನು" ಎಂದು ಹೇಳಿ ಹೋದರು. ಗಿರಿಜಾ ಎಲ್ಲರಿಗೂ ಎಡಗೈಯಲ್ಲಿ ಬಡಿಸಿದಳು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಬಲಗೈಯಲ್ಲಿ ಸೌಟು ನಿಲ್ಲುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಾವಿಬ್ಬರೇ ಉಳಿದಾಗ ಅವಳು ಹೇಳಿದಳು: "ಅಕ್ಕ, ಇವರಿಗೆಲ್ಲ ಆ ಕಲಸಿಹೋಗಿರೋ ಗೆರೇನೇ ಚೆನ್ನಾಗಿದೆ ಅಲ್ವಾ."

ಎರಡನೆಯ ಸಲ ಹೋಗುವಾಗ ಅವಳೇ ಒಂದು ಉಪಾಯ ಮಾಡಿಕೊಂಡಿದ್ದಳು. "ತಾಳದ ಕಡೆ ಕಿವಿ ಕೊಡಲ್ಲ. ಆ ಡಗಡಗದ ಹಿಂದೆ ಒಂದು ಗುಂಯ್ ಅನ್ನೋ ಸದ್ದಿದೆ, ನಿಲ್ಲೋದೇ ಇಲ್ಲ. ಅದನ್ನ ತಂಬೂರಿ ಅಂದ್ಕೊಂಡು ಹಿಡ್ಕೋತೀನಿ, ಅಷ್ಟೆ." ಒಳಗೆ ಹಾಗೇ ಮಾಡಿದಳು ಅಂತ ಕಾಣುತ್ತದೆ. ಇಷ್ಟು ಅಲುಗಾಡದೆ ಯಾರೂ ಮಲಗಿದ್ದಿಲ್ಲ ಎಂದು ಟೆಕ್ನೀಷಿಯನ್ ಬಂದು ಹೊಗಳಿದ.

ಡಾಕ್ಟರ್ ನಾಗರಾಜನನ್ನೂ ನನ್ನನ್ನೂ ಒಳಗೆ ಕರೆದಳು. ಗಿರಿಜಾ ಹೊರಗೇ ಉಳಿದಳು. ನಮ್ಮ ಕಡೆ ಅದೇ ವಾಡಿಕೆ. ರೋಗ ಯಾರಿಗೋ, ಸುದ್ದಿ ಹಿರಿಯರಿಗೆ. "ಆಂಟೀನೂ ಬರ್ಲಿ," ಎಂದಳು ಡಾಕ್ಟರ್. "ಬೇಡ, ಅವಳಿಗೆ ಸುಸ್ತಾಗಿದೆ," ಎಂದು ನಾಗರಾಜ ಬಾಗಿಲು ಎಳೆದುಕೊಂಡ.

ಪರದೆಯ ಮೇಲೆ ಎರಡು ಗೆರೆಗಳಿದ್ದವು. ಮೇಲಿನದು ಫ್ರೀಜರಿನ ತುಂಡಿನದು, ಕೆಳಗಿನದು ಆ ಬೆಳಗಿನದು. ಮೇಲಿನದರಲ್ಲಿ ಗರಗಸದ ಹಾಗೆ ಹಲ್ಲುಗಳು ಸಣ್ಣ, ಜಾಸ್ತಿ. ಕೆಳಗಿನದರಲ್ಲಿ ಒರಟು. ಆದರೆ ಎರಡರಲ್ಲೂ ಎಡಗಡೆಯ ಗೋಪುರ ಒಂದೇ ಥರ ನೆಟ್ಟಗೆ ನಿಂತಿತ್ತು. ಬಲಗಡೆ ಒಂದು ದಿಬ್ಬ, ಅಷ್ಟೆ. ಡಾಕ್ಟರ್ ಇನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟು ಸ್ಪಷ್ಟವಾದ ಗೆರೆಯನ್ನು ಪ್ರೆಸಿ ಮಾಡಬೇಕಾಗಿರಲಿಲ್ಲ.

ಹೊರಗೆ ಲಿಫ್ಟಿನ ಪಕ್ಕದ ಮೂಲೆಯಲ್ಲಿ ನಾಗರಾಜ ನನ್ನನ್ನು ತಡೆದ.

"ಅತ್ತಿಗೆ, ಅವಳಿಗೆ ಗಾಯ ಅಂತ ಹೇಳಿ."

"ಏನಂತ?"

"ಸುಟ್ಟ ಗಾಯ ಅಂತ. ಅದನ್ನ ಕ್ಲೀನ್ ಮಾಡೋಕೆ ಚಿಕ್ಕದೊಂದು ಆಪರೇಷನ್ ಅಂತ. ನೀವು ಹೇಳಿದ್ರೆ ನಂಬ್ತಾಳೆ. ನಾನ್ ಹೇಳಿದ್ರೆ ನಂಬಲ್ಲ."

"ಮಾತು ಹೋದ್ರೆ, ನಾಗರಾಜ?"

"ಹೋಗ್ಲಿ." ಅವನ ಕೈಯಲ್ಲಿ ಸ್ಕೂಟರಿನ ಹೆಲ್ಮೆಟ್ಟಿತ್ತು. ಅದರ ಪಟ್ಟಿಯನ್ನು ಬಿಚ್ಚುತ್ತಿದ್ದ, ಹಾಕುತ್ತಿದ್ದ. "ಮಾತಾಡೋದು ಬೇಡ ಅತ್ತಿಗೆ. ಹಾಡೋದೂ ಬೇಡ. ಎದುರಿಗೆ ಕೂತಿದ್ರೆ ಸಾಕು ನಂಗೆ."

ನಾನು ಗಿರಿಜಾಳನ್ನು ಕರೆದುಕೊಂಡು ಬರಲು ಹೋದೆ. ಅವನು ಸ್ಕೂಟರಿನಲ್ಲಿ ಮುಂದೆ ಹೋದ. ಮಳೆ ಹನಿಯುತ್ತಿತ್ತು. ನಾವಿಬ್ಬರೂ ಆಟೋ ಹತ್ತಿದೆವು. ಆಟೋದವನು ಎರಡೂ ಕಡೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿದ್ದ. ಒಳಗೆ ಮೀನಿನ ತೊಟ್ಟಿಯಲ್ಲಿ ಕೂತ ಹಾಗಿತ್ತು. ಗಿರಿಜಾ ಒಂದು ಕೈಯಲ್ಲಿ ಬಳೆ ಏರಿಸಲು ಹೋಗಿ, ಆಗದೆ, ನನ್ನ ಮಡಿಲಿಗೆ ಹಾಕಿದಳು. ನಾನು ಒಂದೊಂದಾಗಿ ಏರಿಸಿದೆ. ಕೆರೆಯ ತಿರುವು ದಾಟುವಾಗ ಅವಳು ಕೇಳಿದಳು, ಹೊರಗೆ ನೋಡುತ್ತಲೇ:

"ಎಡಕ್ಕಾ, ಬಲಕ್ಕಾ, ಅಕ್ಕ?"

ಆಟೋದವನು ತನ್ನನ್ನು ಕೇಳಿದರೆಂದು, "ನೇರ ಅಲ್ವಾಮ್ಮ?" ಎಂದ. "ನೇರಾನೇ ಹೋಗಪ್ಪ," ಎಂದಳು ಅವಳು. ಮತ್ತೆ ನನ್ನ ಕಡೆ ತಿರುಗಿ ಕಾದಳು. ಆ ಮುಖದಲ್ಲಿ ಭಯವಿರಲಿಲ್ಲ. ಪಾಠ ಒಪ್ಪಿಸುವ ಮಕ್ಕಳ ಮುಂದೆ ಅವಳು ಹಾಗೆಯೇ ಕೂತಿರುತ್ತಿದ್ದಳು. ಸರಿಯಾದದ್ದು ಬರುವವರೆಗೂ ತಾಳ್ಮೆ, ತಪ್ಪು ಬಂದರೆ ಗುರುತಿಸುವ ಕಿವಿ.

"ಎಡಕ್ಕೆ," ಎಂದೆ.

"ಹ್ಞೂಂ." ಒಂದು ಸಿಗ್ನಲ್ ದಾಟಿದ ಮೇಲೆ ಮತ್ತೆ, "ಹ್ಞೂಂ, ಅಂದ್ಕೊಂಡಿದ್ದೆ." ಆಮೇಲೆ ಆಟೋದವನ ಬೆನ್ನು ತಟ್ಟಿ, "ಮಾರ್ಕೆಟ್ ಹತ್ರ ಒಂದ್ನಿಮಿಷ ನಿಲ್ಸಪ್ಪ. ನಾಳೆ ಹುಳಿಗೆ ಮನೇಲಿ ಏನೂ ಇಲ್ಲ." ಇಳಿದು, ಮಳೆಯಲ್ಲೇ ನಿಂತು, ಬೀನ್ಸ್ ಎಳೆಯದಾ ಬಲಿತದ್ದಾ ಎಂದು ಎಡಗೈಯಲ್ಲಿ ಮುರಿದು ಮುರಿದು ನೋಡಿ ಆರಿಸಿದಳು.

ಆ ಸಂಜೆ ಅವಳು ಗಂಡನನ್ನು ಕೂರಿಸಿ ಹೇಳಿದಳು. ನಾನು ಅಡುಗೆಮನೆಯಲ್ಲಿದ್ದೆ, ಎಲ್ಲ ಕೇಳಿಸುತ್ತಿತ್ತು. "ಕುಯ್ಯಿಸ್ಕೊಳಲ್ಲ ರೀ. ಇನ್ನೆಷ್ಟು ತಿಂಗಳಿದ್ಯೋ ಮಾತಾಡ್ಕೊಂಡೇ ಇರ್ತೀನಿ. ಮೂಗಿಯಾಗಿ ಕೂತ್ಕೊಂಡು ನಿಮ್ಮ ಮುಖ ನೋಡಕ್ಕೆ ನಂಗಾಗಲ್ಲ."

"ನನ್ನ ಮುಖ ಅಷ್ಟು ಕೆಟ್ಟದಾಗಿದ್ಯಾ?" ಎಂದ ಅವನು. ತಮಾಷೆಗೆ ಹೊರಟದ್ದು ಅರ್ಧದಲ್ಲಿ ಒಡೆಯಿತು.

ಆಮೇಲೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಂದೇ ಒಂದು ಸಲ, ಅತ್ತಿಗೆ," ಎಂದ. "ಒಂದು ಸಲ ತಪ್ಪು ಪ್ರೆಸಿ ಮಾಡ್ಬಹುದಿತ್ತು ನೀವು." ನಾನು ಹುರುಳಿಕಾಯಿಯ ನಾರು ತೆಗೆಯುತ್ತಲೇ ಇದ್ದೆ. ಅವನಿಗೆ ಬೇಕಾಗಿದ್ದದ್ದು ಅವಳು. ಅವಳಿಗೆ ಬೇಕಾಗಿದ್ದದ್ದು ಅವಳ ಮಾತು. ಎರಡೂ ಒಂದೇ ಎಂದು ನಾವೆಲ್ಲ ಅಷ್ಟು ವರ್ಷ ಅಂದುಕೊಂಡಿದ್ದೆವು.

ದೀಪಾವಳಿಯ ಹೊತ್ತಿಗೆ ಬಲಗೈ ಪೂರ್ತಿ ನಿಂತಿತು. ಮಕ್ಕಳನ್ನು ಕೂರಿಸಿಕೊಂಡು ಎಡಗೈಯಲ್ಲಿ ತಾಳ ಹಾಕಿ ಪಾಠ ಹೇಳಿದಳು. ಮಕ್ಕಳಿಗೆ ಅದು ಕನ್ನಡಿಯಲ್ಲಿ ನೋಡಿದ ಹಾಗಾಗಿ ಗೊಂದಲವಾಗುತ್ತಿತ್ತು. ಮಾತ್ರೆಗಳಿಗೆ ಮುಖ ಊದಿ ದುಂಡಗಾಯಿತು. ಮೆಟ್ಟಿಲು ಹತ್ತಲಾರದ ದಿನ ನಾಗರಾಜ ಅವಳನ್ನು ಮಗಳ ಮನೆಗೆ ಕರೆದುಕೊಂಡು ಹೊರಟ. ಸುಧಾಳ ಮನೆ ನೆಲ ಅಂತಸ್ತಿನಲ್ಲಿದೆ, ಬಾತ್‌ರೂಮ್ ಹತ್ತಿರ, ಎಲ್ಲ ನಿಜ. ಆದರೆ ನಮ್ಮ ಮನೆಯಲ್ಲೂ ಕೆಳಗೆ ಒಂದು ಕೋಣೆಯಿತ್ತು. ಅದನ್ನು ನಾನು ಹೇಳಿದಾಗ ಅವನು ಬ್ಯಾಗಿನ ಜಿಪ್ ಎಳೆಯುತ್ತ, "ಅಲ್ಲಿ ಅವಳಿಗೆ ಯಾರೂ ಏನೂ ಹೇಳಲ್ಲ," ಎಂದ.

ವೈಯಾಲಿಕಾವಲ್ ನಮ್ಮ ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ನಾನು ಹೋದಾಗಲೆಲ್ಲ ಅವಳು ಮಲಗಿದ್ದಾಳೆ ಎಂದು ನಾಗರಾಜ ಬಾಗಿಲಲ್ಲೇ ಹೇಳುತ್ತಿದ್ದ. ಒಂದೆರಡು ಸಲ ಒಳಗಿನಿಂದ ಅವಳ ಮಾತು ಕೇಳಿಸುತ್ತಿದ್ದಾಗಲೂ ಹಾಗೇ ಹೇಳಿದ. ನಾನು ತಂದ ಗೊಜ್ಜಿನ ಡಬ್ಬಿ ಕೊಟ್ಟು ಹಿಂದಿರುಗುತ್ತಿದ್ದೆ. ಡಬ್ಬಿ ತೊಳೆದು, ಸುಧಾಳ ಕೈಯಲ್ಲಿ ವಾಪಸು ಬರುತ್ತಿತ್ತು.

ಧನುರ್ಮಾಸದ ಕೊನೆಯಲ್ಲಿ ಒಂದು ಮಧ್ಯಾಹ್ನ ನಾನು ಹೋದಾಗ ನಾಗರಾಜ ಮೆಡಿಕಲ್ ಶಾಪಿಗೆ ಹೋಗಿದ್ದ. ಸುಧಾ ಬಾಗಿಲು ತೆರೆದು, ಒಂದು ಕ್ಷಣ ರಸ್ತೆಯ ಕಡೆ ನೋಡಿ, "ಬನ್ನಿ ದೊಡ್ಡಮ್ಮ," ಎಂದಳು.

ಗಿರಿಜಾ ಕಿಟಕಿಯ ಬಿಸಿಲಿಗೆ ಕುರ್ಚಿಯಲ್ಲಿ ಕೂತಿದ್ದಳು. ಕಾಲ ಮೇಲೆ ಶಾಲು. ಹೊಸ ಕೂದಲು ಬೆಳ್ಳಗೆ, ಹತ್ತಿಯ ಹಾಗೆ ಬಂದಿತ್ತು. ನನ್ನನ್ನು ಕಂಡು ನಕ್ಕಳು. ಎಡಗೈಯಲ್ಲಿ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

"ಬನ್ನಿ, ಬನ್ನಿ. ಕೂತ್ಕೊಳ್ಳಿ. ಯಜಮಾನ್ರು ಈಗ ಬಂದ್ಬಿಡ್ತಾರೆ."

ಮಾತು ಸ್ಪಷ್ಟವಾಗಿತ್ತು. ಒಂದಕ್ಷರವೂ ತೊದಲಲಿಲ್ಲ. ನಾನು ಎದುರಿನ ಕುರ್ಚಿಯಲ್ಲಿ ಕೂತೆ.

"ಸುಧಾ, ಇವರಿಗೆ ಕಾಫಿ ಕೊಡಮ್ಮ. ಸಕ್ಕರೆ ಹಾಕ್ಬಹುದಾ ನಿಮಗೆ?"

"ಹಾಕ್ಬಹುದು."

"ಎಲ್ಲಿಂದ ಬಂದ್ರಿ?"

ಸುಧಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. "ಮಲ್ಲೇಶ್ವರದಿಂದ," ಎಂದೆ.

"ಹೌದಾ? ನಮ್ಮಕ್ಕ ಅಲ್ಲೇ ಇರೋದು." ಅವಳು ಸ್ವಲ್ಪ ಮುಂದೆ ಬಾಗಿದಳು, ಒಳಮನೆಯವರಿಗೆ ಕೇಳದ ಹಾಗೆ ದನಿ ತಗ್ಗಿಸಿ. "ಬಹಳ ದಿನ ಆಯ್ತು, ಬಂದೇ ಇಲ್ಲ. ಏನೋ ಕೋಪ ಇರ್ಬೇಕು. ಕಂಡ್ರೆ ಬರಕ್ಕೆ ಹೇಳ್ತೀರಾ?"

"ಹೇಳ್ತೀನಿ."

"ಮರೀಬೇಡಿ."

ಸುಧಾ ಕಾಫಿ ತಂದಳು. ಗಿರಿಜಾ ನಾನು ಕುಡಿದು ಮುಗಿಸುವವರೆಗೂ, ಮನೆಗೆ ಬಂದವರನ್ನು ನೋಡಿಕೊಳ್ಳುವ ಹಾಗೆ, ಲೋಟವನ್ನೇ ನೋಡುತ್ತಿದ್ದಳು. ಗೇಟಿನ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ನಾನು ಎದ್ದೆ. ಅವಳು ಕೂತಲ್ಲಿಂದಲೇ ಎಡಗೈ ಎತ್ತಿ, ಬಿಸಿಲಿದೆ, ನೆರಳಲ್ಲಿ ಹೋಗಿ ಎಂದಳು.